ವ್ಯಾಟ್ ಹೆಚ್ಚಿದ್ದರೆ ಸದ್ದೂ ಹೆಚ್ಚೇ?

ಗೌರಿ ಹಬ್ಬದಿಂದ ದೀಪಾವಳಿವರೆಗೆ ನನ್ನ ಫೋನಿಗೆ ಬರುವ ಮೆಸೇಜುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತೆ. ಸಾಫ್ಟ್‌ವೇರ್ ಎಂಜಿನಿಯರ್ ಅಂದಮೇಲೆ ಪ್ಲಗ್ಗಿಗೆ ಹಾಕುವ ಎಲ್ಲ ಸಾಮಾನಿನ ಬಗ್ಗೆಯೂ ಗೊತ್ತಿರಬೇಕು ಅನ್ನೋದು ನಮ್ಮ ಬಂಧುಬಳಗದ ನಂಬಿಕೆ. ಸ್ಪೀಕರ್ ಡಬ್ಬದ ಒಂದು ಫೋಟೊ, ಕೆಳಗೆ ಒಂದು ಸಾಲು: "ಇದು 120 ವ್ಯಾಟ್, ಪಕ್ಕದ್ದು 300 ವ್ಯಾಟ್. ಎರಡು ಸಾವಿರ ರೂಪಾಯಿ ವ್ಯತ್ಯಾಸ. ಯಾವುದು ತಗೊಳ್ಳಲಿ, ಬೇಗ ಹೇಳು, ಅಂಗಡಿಯಲ್ಲೇ ಇದ್ದೀನಿ."

ನಾನು ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್, ಹೊಟ್ಟೆಪಾಡಿಗೆ ಬರೆಯೋದು ಕೋಡ್. ಆದರೂ ಈ ಪ್ರಶ್ನೆ ಬಂದಾಗ ಖುಷಿಯಾಗುತ್ತೆ. ಯಾಕಂದರೆ ಇದರ ಉತ್ತರ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವ ಆ ಸಂಖ್ಯೆಯಲ್ಲಿ ಇಲ್ಲ. 300 ವ್ಯಾಟಿನದು 120 ವ್ಯಾಟಿನದಕ್ಕಿಂತ ಮೆತ್ತಗೆ ಹಾಡಬಹುದು. 10 ವ್ಯಾಟಿನ ಸ್ಪೀಕರ್ 100 ವ್ಯಾಟಿನದಕ್ಕೆ ಸರಿಸಮನಾಗಿ ನಿಲ್ಲಬಹುದು. ಅದು ಹೇಗೆ ಅಂತ ಈ ಸಲ ಬಿಡಿಸಿ ನೋಡೋಣ. ಸ್ವಲ್ಪ ಲೆಕ್ಕ ಇದೆ. ಆದರೆ ತಿಂಗಳ ಕೊನೆಯ ಹಾಲಿನ ಲೆಕ್ಕಕ್ಕಿಂತ ಕಷ್ಟದ್ದೇನಲ್ಲ.

ಉಂಡಿದ್ದೆಷ್ಟು, ಹಾಡಿದ್ದೆಷ್ಟು

ವ್ಯಾಟ್ ಅನ್ನೋದು ಸ್ಪೀಕರ್ ತಿನ್ನುವ ವಿದ್ಯುತ್ತಿನ ಅಳತೆ. ಅದು ಎಷ್ಟು ಹಾಡುತ್ತೆ ಅನ್ನೋದರ ಅಳತೆಯಲ್ಲ. ಹೆಚ್ಚು ಉಂಡವರೆಲ್ಲ ಹೆಚ್ಚು ಹಾಡುತ್ತಾರೆ ಅಂತೇನಿಲ್ಲವಲ್ಲ!

ಅಡುಗೆಮನೆಯಿಂದಲೇ ಉದಾಹರಣೆ ತಗೊಳ್ಳೋಣ. ಹಿಂದೆ ಹಳ್ಳಿಮನೆಗಳಲ್ಲಿ ಮೂರು ಕಲ್ಲಿನ ಒಲೆ ಇರುತ್ತಿತ್ತು. ಸೌದೆ ಹೊರೆಗಟ್ಟಲೆ ಉರಿದರೂ ಶಾಖದಲ್ಲಿ ಬಹುಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತಿತ್ತು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ಬಂತು. ಅದೇ ಅನ್ನ, ಅದೇ ಸಾರು, ಸೌದೆ ಮಾತ್ರ ಕಡಿಮೆ. "ನಮ್ಮ ಒಲೆ ದಿನಕ್ಕೆ ಇಪ್ಪತ್ತು ಕೆ.ಜಿ. ಸೌದೆ ಉರಿಸುತ್ತೆ" ಅಂತ ಯಾರಾದರೂ ಜಂಬ ಕೊಚ್ಚಿಕೊಂಡರೆ ನಮ್ಮಜ್ಜಿ ನಗುತ್ತಿದ್ದರು. ಸ್ಪೀಕರ್ ಡಬ್ಬದ ಮೇಲೆ "300 ವ್ಯಾಟ್" ಅಂತ ಬರೆಯೋದು ಹೆಚ್ಚುಕಡಿಮೆ ಅಂಥದ್ದೇ ಜಂಬ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡೋಣ. ಆಂಪ್ಲಿಫೈಯರ್ ಮೇಲೆ ಬರೆದ ವ್ಯಾಟ್ ಅಂದರೆ ಅದು ಎಷ್ಟು ಕೊಡಬಲ್ಲದು ಅಂತ. ಸ್ಪೀಕರ್ ಮೇಲೆ ಬರೆದ ವ್ಯಾಟ್ ಅಂದರೆ ಅದು ಸುಟ್ಟುಹೋಗದೆ ಎಷ್ಟು ತಡೆದುಕೊಳ್ಳಬಲ್ಲದು ಅಂತ. ಲಾರಿ ಮೇಲೆ ಬರೆದಿರುವ ಭಾರದ ಮಿತಿಯ ಹಾಗೆ. ಹತ್ತು ಟನ್ ಹೊರುವ ಲಾರಿ ಐದು ಟನ್ನಿನದಕ್ಕಿಂತ ಜೋರಾಗಿ ಓಡುತ್ತೆ ಅಂತ ಯಾರೂ ಹೇಳಲ್ಲ.

ಈಗ ಬೆರಗಾಗುವ ವಿಷಯ. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಸ್ಪೀಕರಿಗೆ 100 ವ್ಯಾಟ್ ವಿದ್ಯುತ್ ಕೊಟ್ಟರೆ ಅದರಲ್ಲಿ ಸದ್ದಾಗಿ ಹೊರಬರೋದು ಅರ್ಧ ವ್ಯಾಟ್ ಆಸುಪಾಸು. ಉಳಿದ ತೊಂಬತ್ತೊಂಬತ್ತೂವರೆ ವ್ಯಾಟ್ ಬರೀ ಬಿಸಿ. ವ್ಯರ್ಥ ಅಂತ ನಾವು ಕಿತ್ತೆಸೆದ ಹಳೇ ಕಾಲದ ಬಲ್ಬು ಕೂಡ ಇದಕ್ಕಿಂತ ಮೇಲು!

ಯಾಕೆ ಹೀಗೆ? ಸ್ಪೀಕರಿನ ಕಾಗದದ ಕೋನ್, ಅದಕ್ಕೆ ಅಂಟಿದ ತಾಮ್ರದ ಸುರುಳಿ, ಇವೆರಡೂ ಗಾಳಿಗೆ ಹೋಲಿಸಿದರೆ ತೀರಾ ಭಾರ. ಸುಮ್ಮನೆ ಗಾಳಿಯಲ್ಲಿ ಕೈ ಬೀಸಿ ನೋಡಿ. ಐದು ನಿಮಿಷಕ್ಕೆ ತೋಳು ನೋಯುತ್ತೆ. ಆದರೆ ಎದುರಿಗಿದ್ದವರಿಗೆ ತಟ್ಟುವ ಗಾಳಿ ಅಷ್ಟಕ್ಕಷ್ಟೆ. ನಮ್ಮ ಶಕ್ತಿಯೆಲ್ಲ ಕೈಯನ್ನೇ ಅತ್ತಿಂದಿತ್ತ ಒಯ್ಯೋದಕ್ಕೆ ಖರ್ಚಾಗುತ್ತೆ, ಗಾಳಿಗೆ ದಾಟೋದು ಚೂರು. ಸ್ಪೀಕರಿನ ಪಾಡೂ ಅದೇ.

ಮೂಲೆಯಲ್ಲಿರುವ ಸಣ್ಣ ಸಂಖ್ಯೆ

ಹಾಗಾದರೆ ಹಾಡಿದ್ದೆಷ್ಟು ಅಂತ ತಿಳಿಯೋದು ಹೇಗೆ? ಒಳ್ಳೆ ಕಂಪನಿಯ ಸ್ಪೀಕರ್ ಆದರೆ ಡಬ್ಬದ ಮೂಲೆಯಲ್ಲೋ ಮಾಹಿತಿ ಚೀಟಿಯಲ್ಲೋ "ಸೆನ್ಸಿಟಿವಿಟಿ: 88 ಡೆಸಿಬಲ್, 1 ವ್ಯಾಟ್, 1 ಮೀಟರ್" ಅಂತ ಬರೆದಿರುತ್ತೆ. ಅಂದರೆ ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ ಎಷ್ಟು ಸದ್ದು ಬಂತು ಅಂತ. ಬೈಕು ಕೊಳ್ಳುವಾಗ "ಎಷ್ಟು ಕೊಡುತ್ತೆ?" ಅಂತ ಕೇಳುತ್ತೇವಲ್ಲ, ಆ ಮೈಲೇಜ್ ಇದು. ವ್ಯಾಟ್ ಪೆಟ್ರೋಲ್ ಟ್ಯಾಂಕಿನ ಗಾತ್ರ ಮಾತ್ರ.

ಮನೆಬಳಕೆಯ ಸ್ಪೀಕರುಗಳಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 82ರಿಂದ 92ರ ನಡುವೆ ಇರುತ್ತೆ. ನೋಡೋಕೆ ಹತ್ತೇ ಅಂಕಿ ವ್ಯತ್ಯಾಸ. ಆದರೆ ಡೆಸಿಬಲ್ ಕೂಡುವ ಲೆಕ್ಕದ್ದಲ್ಲ, ಗುಣಿಸುವ ಲೆಕ್ಕದ್ದು. ಎರಡೇ ಸೂತ್ರ ನೆನಪಿಟ್ಟುಕೊಳ್ಳಿ:

ವ್ಯಾಟ್ ದುಪ್ಪಟ್ಟಾದರೆ 3 ಡೆಸಿಬಲ್ ಹೆಚ್ಚುತ್ತೆ.
ವ್ಯಾಟ್ ಹತ್ತುಪಟ್ಟಾದರೆ 10 ಡೆಸಿಬಲ್ ಹೆಚ್ಚುತ್ತೆ.

ಈಗ ಮೂರು ಸ್ಪೀಕರುಗಳನ್ನು ಸಾಲಾಗಿ ನಿಲ್ಲಿಸೋಣ. ಮೊದಲನೆಯದು 82 ಡೆಸಿಬಲ್ಲಿನದು, ಅದಕ್ಕೆ 100 ವ್ಯಾಟ್ ಕೊಡಿ. 100 ಅಂದರೆ ಹತ್ತರ ಹತ್ತುಪಟ್ಟು, ಹಾಗಾಗಿ 82ಕ್ಕೆ 20 ಸೇರಿಸಿ 102 ಡೆಸಿಬಲ್. ಎರಡನೆಯದು 92 ಡೆಸಿಬಲ್ಲಿನದು, 10 ವ್ಯಾಟ್ ಸಾಕು, ಅದೂ 102. ಮೂರನೆಯದು ಜಾತ್ರೆಯಲ್ಲಿ ಕಂಬಕ್ಕೆ ಕಟ್ಟುವಂಥ 105 ಡೆಸಿಬಲ್ಲಿನ ಹಾರ್ನ್. ಅದಕ್ಕೆ ಬರೀ ಅರ್ಧ ವ್ಯಾಟ್ ಕೊಟ್ಟರೂ 102! ನೂರು ವ್ಯಾಟ್, ಹತ್ತು ವ್ಯಾಟ್, ಅರ್ಧ ವ್ಯಾಟ್, ಮೂರೂ ಒಂದೇ ಸದ್ದು. ಅಂಗಡಿಯಲ್ಲಿ ವ್ಯಾಟ್ ಒಂದನ್ನೇ ಕೇಳಿದರೆ ಮೋಸ ಹೋಗೋದು ಎಷ್ಟು ಸುಲಭ ನೋಡಿ.

ದುಪ್ಪಟ್ಟು ದುಡ್ಡಿಗೆ ಮೂರೇ ಡೆಸಿಬಲ್

ನಮ್ಮ ಕಿವಿಯದ್ದೂ ಒಂದು ವಿಚಿತ್ರ ಸ್ವಭಾವ ಇದೆ. ಸದ್ದು ಸರಿಸುಮಾರು ಎರಡರಷ್ಟಾಯಿತು ಅಂತ ನಮಗೆ ಅನ್ನಿಸಬೇಕಾದರೆ 10 ಡೆಸಿಬಲ್ ಹೆಚ್ಚಬೇಕು. ಅಂದರೆ ವ್ಯಾಟ್ ಹತ್ತುಪಟ್ಟಾಗಬೇಕು. 50 ವ್ಯಾಟಿನ ಸೆಟ್ ಬದಲಿಸಿ 100 ವ್ಯಾಟಿನದು ತಂದರೆ ಸಿಗೋದು ಬರೀ 3 ಡೆಸಿಬಲ್. "ಹೌದು, ಸ್ವಲ್ಪ ಜೋರಾಯ್ತು" ಅನ್ನಬಹುದು ಅಷ್ಟೆ. ನಿಜಕ್ಕೂ ಎರಡರಷ್ಟು ಬೇಕು ಅಂದರೆ 500 ವ್ಯಾಟಿಗೆ ಹೋಗಬೇಕು. 120 ಮತ್ತು 300ರ ನಡುವೆ ಇರುವುದು 4 ಡೆಸಿಬಲ್. ಸೆನ್ಸಿಟಿವಿಟಿ ಹೆಚ್ಚಿರುವ ಸ್ಪೀಕರ್ ಆ 4 ಡೆಸಿಬಲ್ಲನ್ನು ಪುಕ್ಕಟೆ ಕೊಟ್ಟುಬಿಡುತ್ತೆ.

ಮನೆಯಲ್ಲಿ ನಿಜವಾಗಿ ಎಷ್ಟು ವ್ಯಾಟ್ ಬೇಕು? 88 ಡೆಸಿಬಲ್ಲಿನ ಎರಡು ಸ್ಪೀಕರ್, ಮೂರು ಮೀಟರ್ ದೂರದಲ್ಲಿ ಸೋಫಾ. ಹಾಲ್ ತುಂಬುವ ಹಾಗೆ 75 ಡೆಸಿಬಲ್ಲಿನಲ್ಲಿ ಹಾಡು ಕೇಳೋಕೆ ಒಂದೊಂದಕ್ಕೆ ಕಾಲು ವ್ಯಾಟ್ ಸಾಕು. ನಂಬೋಕೆ ಕಷ್ಟ, ಆದರೆ ಲೆಕ್ಕ ಹಾಗೇ ಬರುತ್ತೆ.

ಹಾಗಂತ ವ್ಯಾಟಿಗೆ ಬೆಲೆಯೇ ಇಲ್ಲ ಅಂತಲ್ಲ. ಹಾಡು ಒಂದೇ ಮಟ್ಟದಲ್ಲಿ ಹರಿಯಲ್ಲ. ನಡುವೆ ತಮಟೆ ಏಟು ಬೀಳುತ್ತೆ, ಸಿನಿಮಾದಲ್ಲಿ ಬಾಂಬ್ ಸಿಡಿಯುತ್ತೆ. ಆ ಕ್ಷಣಕ್ಕೆ ಸದ್ದು ಸರಾಸರಿಗಿಂತ 20 ಡೆಸಿಬಲ್ ಮೇಲೆ ಜಿಗಿಯಬಹುದು, ಅಂದರೆ ನೂರುಪಟ್ಟು ವ್ಯಾಟ್. ಕಾಲು ವ್ಯಾಟಿನ ನೂರುಪಟ್ಟು ಇಪ್ಪತ್ತೈದು. ಅಷ್ಟು ಮೀಸಲು ಇಲ್ಲದ ಆಂಪ್ಲಿಫೈಯರ್ ಅಲೆಯ ತಲೆಯನ್ನೇ ಕತ್ತರಿಸಿಬಿಡುತ್ತೆ. ಸದ್ದು ಒಡೆದಂತೆ ಕೇಳೋದು ಆಗಲೇ. ಸಣ್ಣ ಆಂಪ್ಲಿಫೈಯರನ್ನು ಯಾವಾಗಲೂ ತುದಿವರೆಗೆ ತಿರುಗಿಸಿ ಕೇಳುವವರ ಮನೆಯಲ್ಲಿ ಟ್ವೀಟರ್ ಬೇಗ ಸುಡೋದಕ್ಕೂ ಇದೇ ಕಾರಣ. ಆದರೂ ಮನೆ ಹಾಲಿಗೆ ನಿಜವಾದ 25–50 ವ್ಯಾಟ್ ಧಾರಾಳ. ಮೇಲಿನದ್ದು ಹೆಚ್ಚಾಗಿ ಡಬ್ಬದ ಅಲಂಕಾರ.

ತುಂಬ ವ್ಯಾಟ್ ಸುರಿದರೆ ಇನ್ನೊಂದು ನಷ್ಟವೂ ಇದೆ. ತಾಮ್ರದ ಸುರುಳಿ ಬಿಸಿಯಾದಷ್ಟೂ ಅದರ ರೋಧ ಹೆಚ್ಚುತ್ತೆ. 200 ಡಿಗ್ರಿಯಷ್ಟು ಬಿಸಿ ಏರಿದರೆ ರೋಧ ಮೊದಲಿದ್ದದ್ದರ ಮುಕ್ಕಾಲು ಪಾಲಿನಷ್ಟು ಹೆಚ್ಚಾಗಿರುತ್ತೆ. ನೀವು ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ, ಸದ್ದು ಏರೋದು ನಿಧಾನವಾಗುತ್ತೆ. ಬೇಸಿಗೆ ಮಧ್ಯಾಹ್ನ ಉತ್ತವನ ಹಾಗೆ ಸ್ಪೀಕರಿಗೂ ಸುಸ್ತಾಗುತ್ತೆ.

ಕಹಳೆ ಕಲಿಸಿದ ಪಾಠ

ಗ್ರಾಮೊಫೋನ್ ನೆನಪಿಸಿಕೊಳ್ಳಿ. ಕೀಲಿ ಕೊಟ್ಟರೆ ಹಾಡುತ್ತಿದ್ದ ಆ ಪೆಟ್ಟಿಗೆಗೆ ಕರೆಂಟೇ ಇರಲಿಲ್ಲ. ಸೊನ್ನೆ ವ್ಯಾಟ್! ಆದರೂ ಹತ್ತು ಜನ ಸುತ್ತ ಕೂತು ಕೇಳುತ್ತಿದ್ದರು. ಕೆಲಸ ಮಾಡುತ್ತಿದ್ದದ್ದು ಆ ದೊಡ್ಡ ಕಹಳೆ. ಹೊಲದ ಆಚೆ ಬದುವಿನಲ್ಲಿರುವವರನ್ನು ಕೂಗುವಾಗ ನಾವು ಬಾಯಿಗೆ ಎರಡೂ ಕೈ ಅಡ್ಡ ಹಿಡಿಯುತ್ತೇವಲ್ಲ, ಅದೇ ಉಪಾಯ. ಕಿರಿದರಿಂದ ನಿಧಾನವಾಗಿ ಅಗಲವಾಗುವ ಬಾಯಿ ಕಂಪನವನ್ನು ಗಾಳಿಗೆ ಜಾರಿಸಿ ದಾಟಿಸುತ್ತೆ. ಜೊತೆಗೆ ಸದ್ದನ್ನು ನಾಲ್ಕೂ ಕಡೆ ಚೆಲ್ಲದೆ ಒಂದು ಕಡೆಗೆ ಕಳಿಸುತ್ತೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಇಂದಿನ ಕೋನ್ ಸ್ಪೀಕರಿನ ಮೂಲರೂಪವನ್ನು ವಿವರಿಸಿದರು. ಆ ಕಾಲದ ವಾಲ್ವ್ ಆಂಪ್ಲಿಫೈಯರುಗಳಲ್ಲಿ ಒಂದೊಂದು ವ್ಯಾಟೂ ದುಬಾರಿ. ಹಾಗಾಗಿ ಟಾಕಿ ಸಿನಿಮಾ ಬಂದಾಗ ಚಿತ್ರಮಂದಿರಗಳು ಆಳೆತ್ತರದ ಹಾರ್ನುಗಳನ್ನೇ ನೆಚ್ಚಿಕೊಂಡವು. ಇವತ್ತು ಒಂದು ಟಿ.ವಿ.ಗೆ ಹಾಕುವಷ್ಟು ವ್ಯಾಟಿನಲ್ಲಿ ಇಡೀ ಥಿಯೇಟರ್ ತುಂಬಿಸುತ್ತಿದ್ದರು. 1946ರಲ್ಲಿ ಪಾಲ್ ಕ್ಲಿಪ್ಷ್ ಅನ್ನುವವರು ಮನೆಯ ಮೂಲೆಯ ಗೋಡೆಗಳನ್ನೇ ಕಹಳೆಯ ಬಾಯಿಯಂತೆ ಬಳಸುವ ಸ್ಪೀಕರ್ ಮಾರಾಟಕ್ಕೆ ತಂದರು. ಕಂಪನಿ ಹೇಳಿಕೊಳ್ಳುವ ಸೆನ್ಸಿಟಿವಿಟಿ 105 ಡೆಸಿಬಲ್. ಗಾತ್ರ ಮಾತ್ರ ಬಟ್ಟೆ ಬೀರುವಿನದ್ದು.

1954ರಲ್ಲಿ ಎಡ್ಗರ್ ವಿಲ್ಚರ್ ಎಂಬುವವರು ಇದಕ್ಕೆ ಉಲ್ಟಾ ದಾರಿ ಹಿಡಿದರು. ಗಾಳಿಯಾಡದ ಸಣ್ಣ ಪೆಟ್ಟಿಗೆಯಲ್ಲಿ ಆಳವಾದ ಬೇಸ್ ಬರುವ ಸ್ಪೀಕರ್ ತಂದರು. ಶೆಲ್ಫಿನ ಮೇಲೆ ಕೂರುವಷ್ಟು ಪುಟ್ಟದು. ಬದಲಿಗೆ ಅದು ಕೇಳಿದ್ದು ಹೆಚ್ಚು ವ್ಯಾಟ್. ಅವರ ಜೊತೆ ಕೆಲಸ ಮಾಡಿದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು "ಕಬ್ಬಿಣದ ನಿಯಮ" ಇದೆ: ಸಣ್ಣ ಪೆಟ್ಟಿಗೆ, ಆಳವಾದ ಬೇಸ್, ಹೆಚ್ಚಿನ ದಕ್ಷತೆ, ಈ ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದು ಸಿಗಲ್ಲ. ಆಮೇಲೆ ಟ್ರಾನ್ಸಿಸ್ಟರ್ ಬಂದು ವ್ಯಾಟ್ ಅಗ್ಗವಾಯಿತು. ನಮಗೆ ಪುಟ್ಟದೂ ಬೇಕು, "ಧಡ್ ಧಡ್" ಅನ್ನೋದೂ ಬೇಕು. ಕಂಪನಿಯವರು ದಕ್ಷತೆಯನ್ನು ಬಿಟ್ಟುಕೊಟ್ಟರು. ಅಂಗೈ ಅಗಲದ ಸ್ಪೀಕರ್ ಮೇಲೆ ದೊಡ್ಡ ದೊಡ್ಡ ವ್ಯಾಟ್ ಸಂಖ್ಯೆ ಕಾಣಿಸೋದರ ಹಿಂದಿನ ಕತೆ ಇದು. ಅದು ಬಲದ ಗುರುತಲ್ಲ, ಹಸಿವಿನ ಗುರುತು.

ಪಿಎಂಪಿಒ ಎಂಬ ಬಣ್ಣದ ಬಲೂನು

ವ್ಯಾಟಿನಲ್ಲೂ ನಿಜದ ವ್ಯಾಟ್, ಬಣ್ಣದ ವ್ಯಾಟ್ ಅಂತ ಇವೆ. ತೊಂಬತ್ತರ ದಶಕದ ಟೇಪ್ ರೆಕಾರ್ಡರುಗಳ ಮೇಲೆ "1000 ವ್ಯಾಟ್ ಪಿಎಂಪಿಒ" ಅಂತ ಮಿಂಚುವ ಸ್ಟಿಕ್ಕರ್ ಇರುತ್ತಿದ್ದದ್ದು ನಿಮಗೂ ನೆನಪಿರಬಹುದು. ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತಿನಲ್ಲಿ ಚಿಮ್ಮಬಹುದಾದ ಶಕ್ತಿಯನ್ನು ಹಿಗ್ಗಿಸಿ ಹೇಳುವ ಸಂಖ್ಯೆ ಅದು. ಅಳೆಯೋಕೆ ಎಲ್ಲರೂ ಒಪ್ಪಿದ ವಿಧಾನವೇ ಇಲ್ಲ. ಅಮೆರಿಕದಲ್ಲಿ ಇಂಥ ಜಾಹೀರಾತಿನ ಕಾಟ ತಡೆಯಲಾರದೆ 1974ರಲ್ಲೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಆಂಪ್ಲಿಫೈಯರ್ ನಿರಂತರವಾಗಿ ಕೊಡುವ ವ್ಯಾಟನ್ನೇ ಹೇಳಬೇಕು ಅಂತ ನಿಯಮ ಮಾಡಿತು. ನಾವು ನೋಡಬೇಕಾದದ್ದು "ಆರ್‌ಎಂಎಸ್" ಅಂತ ಬರೆದಿರುವ ಸಂಖ್ಯೆಯನ್ನು.

ಅದೂ ನಂಬಿಕೆ ಬರದಿದ್ದರೆ ಡಬ್ಬ ತಿರುಗಿಸಿ. ಗೋಡೆಯ ಪ್ಲಗ್ಗಿಗೆ ಹಾಕುವ ಹೋಮ್ ಥಿಯೇಟರ್ ಆದರೆ ಹಿಂಬದಿಯಲ್ಲಿ "ವಿದ್ಯುತ್ ಬಳಕೆ 40 ವ್ಯಾಟ್" ಅಂತ ಇರುತ್ತೆ. 40 ವ್ಯಾಟ್ ತಿನ್ನುವ ಯಂತ್ರ ಒಂದೇ ಸಮನೆ 5000 ವ್ಯಾಟ್ ಕೊಡೋಕೆ ಅದೇನು ಅಕ್ಷಯಪಾತ್ರೆಯೇ? ಬ್ಯಾಟರಿ ಇರುವ ಬ್ಲೂಟೂತ್ ಸ್ಪೀಕರಿನ ಲೆಕ್ಕ ಸ್ವಲ್ಪ ಬೇರೆ. ಬ್ಯಾಟರಿ 3.7 ವೋಲ್ಟ್, 2000 ಮಿಲಿಆಂಪ್-ಅವರ್ ಇದ್ದರೆ ಒಟ್ಟು ದಾಸ್ತಾನು 7.4 ವ್ಯಾಟ್-ಅವರ್. ಅದು ಆರು ಗಂಟೆ ಹಾಡುತ್ತೆ ಅಂತ ಕಂಪನಿಯೇ ಹೇಳಿದರೆ ಸರಾಸರಿ ಬಳಕೆ ಸುಮಾರು ಒಂದೂಕಾಲು ವ್ಯಾಟ್. ಭಾಗಾಕಾರ ಗೊತ್ತಿರುವ ಹೈಸ್ಕೂಲ್ ಮಗುವೂ ಹಿಡಿಯಬಹುದಾದ ಸುಳ್ಳು ಇದು.

ದೂರ ಕಡಿಮೆ ಮಾಡಿದರೆ ವ್ಯಾಟ್ ಪುಕ್ಕಟೆ

ಸದ್ದಿನ ಲೆಕ್ಕದಲ್ಲಿ ಯಾವ ಅಂಗಡಿಯವರೂ ಹೇಳದ ಮೂರನೆಯ ಸಂಗತಿ ದೂರ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ 6 ಡೆಸಿಬಲ್ ಕಡಿಮೆಯಾಗುತ್ತೆ. ಅಂದರೆ ದೂರ ಅರ್ಧ ಮಾಡಿದರೆ ವ್ಯಾಟ್ ನಾಲ್ಕುಪಟ್ಟು ಮಾಡಿದಷ್ಟೇ ಲಾಭ. ಮನೆಯೊಳಗೆ ಗೋಡೆಗಳು ಸದ್ದನ್ನು ಮರಳಿಸುವುದರಿಂದ ಲಾಭ ಸ್ವಲ್ಪ ಕಡಿಮೆ, ಆದರೂ ಚೆನ್ನಾಗಿಯೇ ಇರುತ್ತೆ.

ಗಣೇಶೋತ್ಸವ, ರಾಜ್ಯೋತ್ಸವದ ಸಮಿತಿಯಲ್ಲಿ ಇರುವವರು ಇದನ್ನು ಗಮನಿಸಬೇಕು. ವೇದಿಕೆಯ ಮುಂದೆ ಒಂದೇ ದೊಡ್ಡ ಪೆಟ್ಟಿಗೆ ಇಟ್ಟು, 32 ಮೀಟರ್ ಹಿಂದೆ ಕೂತ ಹಿರಿಯರಿಗೆ 80 ಡೆಸಿಬಲ್ ಮುಟ್ಟಿಸಬೇಕು ಅಂದುಕೊಳ್ಳಿ. ಪೆಟ್ಟಿಗೆಯ ಬಳಿ ಅದು 110 ಡೆಸಿಬಲ್ ಆಗಿರಬೇಕು. ಸ್ಪೀಕರ್ 90 ಡೆಸಿಬಲ್ಲಿನದಾದರೆ 100 ವ್ಯಾಟ್. ಎರಡು ಮೀಟರ್ ಎದುರಿಗೆ ಚಾಪೆ ಹಾಸಿ ಕೂತ ಮಕ್ಕಳ ಕಿವಿಗೆ ಬೀಳೋದು 104 ಡೆಸಿಬಲ್. ಅದರ ಬದಲು ಅಂಥದ್ದೇ ನಾಲ್ಕು ಸ್ಪೀಕರನ್ನು ಅಂಗಳದ ಉದ್ದಕ್ಕೆ ಹಂಚಿ, ಪ್ರತಿಯೊಂದೂ 8 ಮೀಟರಿನವರಿಗೆ ಮಾತ್ರ ಮುಟ್ಟಿಸಿದರೆ ಸಾಕು ಅಂತ ಮಾಡಿದರೆ ಒಂದೊಂದಕ್ಕೆ ಆರೂಕಾಲು ವ್ಯಾಟ್, ಒಟ್ಟು 25 ವ್ಯಾಟ್ ಸಾಕು. ಮಕ್ಕಳ ಬಳಿ 92 ಡೆಸಿಬಲ್. ಹಿಂದಿನ ಸಾಲಿಗೆ ಅಷ್ಟೇ ಸದ್ದು, ಮುಂದಿನ ಸಾಲಿಗೆ ನೆಮ್ಮದಿ.

ಈ 12 ಡೆಸಿಬಲ್ ವ್ಯತ್ಯಾಸ ಸಣ್ಣದಲ್ಲ. ದಿನಕ್ಕೆ 85 ಡೆಸಿಬಲ್ ಆದರೆ ಎಂಟು ಗಂಟೆ, ಮೇಲಿನ ಪ್ರತಿ 3 ಡೆಸಿಬಲ್ಲಿಗೆ ಆ ಅವಧಿ ಅರ್ಧ, ಹೀಗೆ ಕಿವಿತಜ್ಞರು ಮಿತಿ ಹಾಕುತ್ತಾರೆ. 100 ಡೆಸಿಬಲ್ಲಿಗೆ ಹದಿನೈದೇ ನಿಮಿಷ. 104ಕ್ಕೆ ಆರು ನಿಮಿಷ! ನಮ್ಮ ಕಾರ್ಯಕ್ರಮಗಳು ಮೂರು ಗಂಟೆ ನಡೆಯುತ್ತವೆ. ಇನ್ನು ಕಾನೂನು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ.

ಸದ್ದು ಕೇಳುತ್ತೆ, ಮಾತು ಕೇಳಲ್ಲ

ಈಗ ನಮ್ಮ ಮನೆಯ ಸಂಗತಿ. ಊರಲ್ಲಿ ಅಪ್ಪ ಟಿ.ವಿ. ವಾಲ್ಯೂಮನ್ನು ವರ್ಷ ವರ್ಷಕ್ಕೂ ಏರಿಸುತ್ತಾ ಬಂದು 60ಕ್ಕೆ ತಂದು ನಿಲ್ಲಿಸಿದ್ದರು. ಅಮ್ಮನಿಗೆ ದಿನಾ ತಲೆನೋವು. ತೆಳ್ಳಗಿನ ಟಿ.ವಿ.ಗಳಲ್ಲಿ ಸ್ಪೀಕರ್ ಸಣ್ಣದು, ಅದೂ ಕೆಳಮುಖವಾಗಿ ಇರುತ್ತೆ ಅನ್ನೋದು ನಿಜ. ಭಾವ ಪರಿಹಾರ ಸೂಚಿಸಿದರು: "500 ವ್ಯಾಟಿನ ಸೌಂಡ್‌ಬಾರ್ ಹಾಕಿಸಿಬಿಡೋಣ, ಸಬ್‌ವೂಫರ್ ಜೊತೆಗೆ. ಮಾವನಿಗೆ ಚೆನ್ನಾಗಿ ಕೇಳಿಸುತ್ತೆ." ಅಳಿಯನ ಅಕ್ಕರೆ ದೊಡ್ಡದೇ. ಆದರೆ ಕೊಳ್ಳುವ ಮುಂಚೆ ನಾನು ಅಪ್ಪನ ಪಕ್ಕ ಕೂತು ಕೇಳಿದೆ, "ಅಪ್ಪ, ಸದ್ದು ಸಾಲಲ್ವಾ?"

ಅಪ್ಪ ಹೇಳಿದರು, "ಸದ್ದು ಕೇಳುತ್ತೆ ಕಣೋ. ಏನಂತಿದಾರೆ ಅಂತ ಗೊತ್ತಾಗಲ್ಲ."

ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳೋದು ಹೆಚ್ಚಿನ ಆವರ್ತನದ, ಅಂದರೆ ತೆಳು ದನಿಯ ಸದ್ದನ್ನು. ಮಾತಿನಲ್ಲಿ ಸ್ವರಗಳು ದಪ್ಪ, ಅವು ಕೇಳುತ್ತವೆ. ಸ, ಶ, ತ, ಪ, ಕ ಮುಂತಾದ ವ್ಯಂಜನಗಳು ತೆಳು, ಅವೇ ಜಾರಿಹೋಗುತ್ತವೆ. ಸಾಲು, ಕಾಲು, ಪಾಲು, ಮೂರೂ ಅಪ್ಪನ ಕಿವಿಗೆ "ಆಲು". ಇಂಥವರಿಗೆ ಸಬ್‌ವೂಫರ್ ತಂದರೆ ಗುಡುಗು ಹೆಚ್ಚುತ್ತೆ, ಆ ಗುಡುಗಿನಡಿ ಉಳಿದ ವ್ಯಂಜನಗಳೂ ಮುಚ್ಚಿಹೋಗುತ್ತವೆ. ಅಪ್ಪನಿಗೆ ಕೊರತೆ ಇದ್ದದ್ದು ವ್ಯಾಟಿನದ್ದಲ್ಲ.

ಮೊದಲು ಮಾಡಿದ್ದು ಖರ್ಚು ಕಡಿಮೆಯ ಕೆಲಸ. ಒಂದು ಸಣ್ಣ ಸ್ಪೀಕರನ್ನು ವೈರ್ ಎಳೆದು ಅಪ್ಪನ ಕುರ್ಚಿ ಪಕ್ಕದ ಸ್ಟೂಲಿನ ಮೇಲಿಟ್ಟೆವು. ನಾಲ್ಕು ಮೀಟರ್ ಇದ್ದ ದೂರ ಒಂದು ಮೀಟರ್ ಆಯಿತು. ಲೆಕ್ಕದ ಪ್ರಕಾರ ಹದಿನಾರುಪಟ್ಟು ವ್ಯಾಟಿಗೆ ಸಮ. ಬೇಸ್ ಇಳಿಸಿ ಟ್ರೆಬಲ್ ಏರಿಸಿದೆವು. ಟಿ.ವಿ. ಸೆಟ್ಟಿಂಗಿನಲ್ಲಿ ಮಾತನ್ನು ಎತ್ತಿಕೊಡುವ ಆಯ್ಕೆ ಇತ್ತು, ಅದನ್ನೂ ಹಾಕಿದೆವು. ವಾರ್ತೆ ಅರ್ಥವಾಗತೊಡಗಿತು.

ಆದರೆ ಟಿ.ವಿ. ಬರೀ ನೆಪ ಅಂತ ನನಗೆ ಅನ್ನಿಸಿತ್ತು. ಅಪ್ಪ ಫೋನ್ ಎತ್ತೋದನ್ನೇ ಬಿಟ್ಟಿದ್ದರು. ಹತ್ತು ಜನ ಸೇರಿದಾಗ ಎಲ್ಲರೂ ನಕ್ಕ ಮೇಲೆ ಒಂದು ಕ್ಷಣ ತಡವಾಗಿ ನಗುತ್ತಿದ್ದರು. ಅಮ್ಮ "ಕರೆದರೂ ಕೇಳಿಸದ ಹಾಗೆ ಕೂತಿರ್ತಾರೆ, ನಾನಂದ್ರೆ ಲೆಕ್ಕಕ್ಕಿಲ್ಲ" ಅಂತ ಬೇಜಾರು ಮಾಡಿಕೊಂಡಿದ್ದರು. ಅವರಿಬ್ಬರ ನಡುವೆ ಮಾತೇ ಕಡಿಮೆಯಾಗಿತ್ತು. ಅದನ್ನು ಯಾವ ಸೌಂಡ್‌ಬಾರ್ ಸರಿ ಮಾಡುತ್ತೆ ಹೇಳಿ?

ಪರೀಕ್ಷೆ ಮಾಡಿಸೋಣ ಅಂದರೆ "ನನಗೇನು ಕಿವುಡಾ?" ಅಂತ ಸಿಟ್ಟು. ಕನ್ನಡಕ ಹಾಕಿಕೊಂಡೇ ಈ ಮಾತು ಹೇಳಿದರು! "ಕಣ್ಣಿಗೆ ಹಾಕಿಕೊಂಡಿದ್ದೀರಲ್ಲ, ಕಿವಿ ಏನು ಮಲಮಗನಾ?" ಅಂತ ಅಮ್ಮನೇ ಕೇಳಿದ ಮೇಲೆ ಒಪ್ಪಿದರು. ಶ್ರವಣ ಪರೀಕ್ಷೆಯ ಗ್ರಾಫಿನಲ್ಲಿ ಎಡಗಡೆ ಮಟ್ಟಸವಾಗಿದ್ದ ಗೆರೆ ಬಲಗಡೆ ಬೆಟ್ಟ ಇಳಿದಂತೆ ಇಳಿದಿತ್ತು. ಈಗ ಅಪ್ಪನ ಎರಡೂ ಕಿವಿಯಲ್ಲಿ ಶ್ರವಣ ಸಾಧನ ಇದೆ. ಅದರೊಳಗಿರುವುದೂ ಮೈಕು, ಆಂಪ್ಲಿಫೈಯರ್, ಸ್ಪೀಕರ್, ಅಷ್ಟೇ. ಬಟಾಣಿ ಗಾತ್ರದ ಬ್ಯಾಟರಿಯಲ್ಲಿ ದಿನಗಟ್ಟಲೆ ನಡೆಯುತ್ತೆ, ಅಂದರೆ ವ್ಯಾಟಿನ ಸಾವಿರದಲ್ಲಿ ಕೆಲವು ಪಾಲು. ಆದರೆ ಕಿವಿಯೊಳಗೇ ಕೂತಿದೆ, ಬೇಕಾದ ಆವರ್ತನವನ್ನೇ ಎತ್ತುತ್ತೆ. ಟಿ.ವಿ. ವಾಲ್ಯೂಮ್ 60ರಿಂದ 22ಕ್ಕೆ ಇಳಿದಿದೆ. "ಈಗ ನಾನು ಒಳಗೆ ಗೊಣಗಿದ್ದೂ ಕೇಳುತ್ತೆ ಇವರಿಗೆ" ಅನ್ನೋದು ಅಮ್ಮನ ಹೊಸ ದೂರು.

ನಿಮ್ಮ ಮನೆಯಲ್ಲೂ ಹಿರಿಯರ ಟಿ.ವಿ. ಸದ್ದು ಏರುತ್ತಿದ್ದರೆ ಮೊದಲು ಶ್ರವಣತಜ್ಞರ ಬಳಿ ಕರೆದುಕೊಂಡು ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದಶಕಗಳಿಂದ ಇದೇ ಕೆಲಸ ಮಾಡುತ್ತಿದೆ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗದಲ್ಲೂ ವಿಚಾರಿಸಬಹುದು. ಸ್ಪೀಕರಿನ ಮಾತು ಆಮೇಲೆ.

ಅಂಗಡಿಗೆ ಹೋಗುವ ಮುನ್ನ

ಕೊನೆಗೆ, ಚೀಟಿಯಲ್ಲಿ ಬರೆದುಕೊಂಡು ಹೋಗೋಕೆ ಐದು ಮಾತು.

1. ಪಿಎಂಪಿಒ, ಪೀಕ್ ವ್ಯಾಟ್ ಯಾವುದನ್ನೂ ಓದಲೇಬೇಡಿ. ಆರ್‌ಎಂಎಸ್ ಎಷ್ಟು, ವಿದ್ಯುತ್ ಬಳಕೆ ಎಷ್ಟು, ಎರಡೇ ಕೇಳಿ.

2. ಸೆನ್ಸಿಟಿವಿಟಿ ಕೇಳಿ. ಅದನ್ನು "1 ವ್ಯಾಟ್" ಬದಲು "2.83 ವೋಲ್ಟ್" ಅಂತ ಬರೆದಿದ್ದು ಸ್ಪೀಕರ್ 4 ಓಮಿನದ್ದಾಗಿದ್ದರೆ 3 ಡೆಸಿಬಲ್ ಕಳೆದು ಹೋಲಿಸಿ. 4 ಓಮಿಗೆ ಅಷ್ಟು ವೋಲ್ಟ್ ಕೊಟ್ಟರೆ ಹರಿಯೋದು ಒಂದಲ್ಲ, ಎರಡು ವ್ಯಾಟ್.

3. ಸೌಂಡ್‌ಬಾರ್, ಬ್ಲೂಟೂತ್ ಸ್ಪೀಕರುಗಳಲ್ಲಿ ಈ ಸಂಖ್ಯೆ ಹೆಚ್ಚಾಗಿ ಸಿಗಲ್ಲ. ಆಗ ಕಿವಿಯೇ ಗತಿ. ಅಂಗಡಿಯವರ ಡೆಮೊ ಹಾಡು ಬೇಡ. ನಿಮ್ಮ ಫೋನಿನಿಂದ ವಾರ್ತೆ ಹಾಕಿಸಿ, ಮನೆಯಲ್ಲಿ ಕೂರುವಷ್ಟೇ ದೂರ ನಿಂತು ಕೇಳಿ.

4. ಎರಡನ್ನು ಹೋಲಿಸುವಾಗ ಸದ್ದನ್ನು ಸಮ ಮಾಡಿಸಿ. ಒಂದೆರಡು ಡೆಸಿಬಲ್ ಜೋರಾಗಿದ್ದದ್ದೇ ನಮಗೆ ಚೆನ್ನಾಗಿದೆ ಅನ್ನಿಸುತ್ತೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

5. ಹೊಸದು ಕೊಳ್ಳುವ ಮುಂಚೆ ಇರುವುದನ್ನೇ ಹತ್ತಿರ ತಂದು, ಕಿವಿಯ ಎತ್ತರಕ್ಕಿಟ್ಟು, ಕೇಳುವವರ ಕಡೆ ತಿರುಗಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕಾಗುತ್ತೆ.

ಇಷ್ಟು ಓದಿದ ಮೇಲೆ 120 ಮತ್ತು 300ರ ಪ್ರಶ್ನೆಗೆ ಉತ್ತರ ನೀವೇ ಹೇಳಬಲ್ಲಿರಿ. ಹಬ್ಬದ ಸೇಲಿನ ಈ ದಿನಗಳಲ್ಲಿ ಯಾರಾದರೂ "ಎಷ್ಟು ವ್ಯಾಟ್ ಬೇಕು ಸಾರ್?" ಅಂತ ಕೇಳಿದರೆ, "ಯಾರು ಕೇಳ್ತಾರೆ, ಎಷ್ಟು ದೂರ ಕೂತ್ಕೊಂಡು ಕೇಳ್ತಾರೆ, ಅದನ್ನ ಮೊದಲು ಕೇಳಿ" ಅನ್ನಿ. ಅಲ್ಲಿಂದ ಶುರುವಾದ ಮಾತುಕತೆ ನಿಮ್ಮ ಜೇಬನ್ನೂ ಕಾಪಾಡುತ್ತೆ, ಕಿವಿಯನ್ನೂ ಕಾಪಾಡುತ್ತೆ.